ಚಾವಣಿಯಿಂದ ಇಳಿದ ಬ್ರಹ್ಮ

ಐಹೊಳೆಯ ಗುಡಿಗಳಲ್ಲಿ ಚಾವಣಿಯ ಶಿಲ್ಪ ನೋಡಬೇಕೆಂದರೆ ಕತ್ತನ್ನು ಹಿಂದಕ್ಕೆ ಬಾಗಿಸಿ ನಿಲ್ಲಬೇಕು. ಒಳಗಿನ ಕತ್ತಲೆಗೆ ಕಣ್ಣು ಹೊಂದಿಕೊಳ್ಳುವಷ್ಟರಲ್ಲಿ ಕತ್ತು ನೋಯತೊಡಗುತ್ತದೆ, ಜೊತೆಗೆ ಬಂದವರು ಮುಂದಿನ ಗುಡಿಗೆ ಹೊರಟಿರುತ್ತಾರೆ. ಆದರೆ ಐಹೊಳೆಯ ಒಂದು ಚಾವಣಿಯಲ್ಲಿದ್ದ ಬ್ರಹ್ಮನನ್ನು ನೆಟ್ಟಗೆ ನಿಂತು ಎದುರೆದುರೇ ನೋಡಬಹುದಾದ ಜಾಗವೊಂದಿದೆ. ಅದು ಐಹೊಳೆಯಲ್ಲಿಲ್ಲ, ಕರ್ನಾಟಕದಲ್ಲೂ ಇಲ್ಲ. ಮುಂಬೈಯ ಫೋರ್ಟ್ ಭಾಗದಲ್ಲಿರುವ ಛತ್ರಪತಿ ಶಿವಾಜಿ ಮಹಾರಾಜ್ ವಸ್ತು ಸಂಗ್ರಹಾಲಯದಲ್ಲಿದೆ. ಏಳನೆಯ ಶತಮಾನದ ಹೊತ್ತಿಗೆ ಬಾದಾಮಿ ಚಾಲುಕ್ಯರ ನಾಡಿನಲ್ಲಿ ನೆತ್ತಿಯ ಮೇಲೆ ಮಲಗಿದ್ದ ಕಲ್ಲು ಇಲ್ಲಿ ಗೋಡೆಗೆ ಒರಗಿ ನಿಂತಿದೆ.

ಚಿಕ್ಕ ಮಕ್ಕಳಿಗೆ ಇದರಿಂದ ಅನುಕೂಲವೇ ಆಗಿದೆ. ಐದಾರು ವರ್ಷದ ಮಗು ಈ ಕಲ್ಲಿನ ಮುಂದೆ ನಿಂತರೆ ಮೊದಲು ಮಾಡುವ ಕೆಲಸ ತಲೆ ಎಣಿಸುವುದು. ಬ್ರಹ್ಮನಿಗೆ ನಾಲ್ಕು ತಲೆ ಎಂದು ಮನೆಯಲ್ಲಿ ಹೇಳಿರುತ್ತಾರೆ, ಇಲ್ಲಿ ಕಾಣುವುದು ಮೂರೇ. ನಾಲ್ಕನೆಯದು ಎಲ್ಲಿ? ಕಲ್ಲಿನ ಹಿಂದೆ ಎಂದು ಹೇಳಿದರೆ ಸಾಕು, ಮಗು ಪಕ್ಕಕ್ಕೆ ಹೋಗಿ ಇಣುಕಿ ನೋಡುತ್ತದೆ. ಇದು ಸುಲಭದ ಪ್ರಶ್ನೆ. ಕಷ್ಟದ್ದು ಆಮೇಲೆ ಬರುತ್ತದೆ. ಇದು ಐಹೊಳೆಯದು, ಐಹೊಳೆ ನಮ್ಮ ಕಡೆಯ ಊರು ಎಂದು ಅಪ್ಪ ಅಭಿಮಾನದಿಂದ ಹೇಳಿದ ಮೇಲೆ ಮಗು ಕೇಳುವ ಸಹಜ ಪ್ರಶ್ನೆ: ಹಾಗಾದರೆ ಇಲ್ಲಿ ಯಾಕಿದೆ?

ಮುಂಬೈಯ ಕನ್ನಡ ಕುಟುಂಬಗಳಿಗೆ ಈ ಪ್ರಶ್ನೆಗೆ ಸರಿಯಾದ ಉತ್ತರ ಕೊಡುವುದು ಬೇರೆಯವರಿಗಿಂತ ಹೆಚ್ಚು ಮುಖ್ಯ. ಯಾಕೆಂದರೆ ಅದೇ ಪ್ರಶ್ನೆಯನ್ನು ಆ ಮಗುವಿನ ಬಗ್ಗೆಯೂ ಕೇಳಬಹುದು.

ಪವಾಯಿಯ ಮಕ್ಕಳು

ಪವಾಯಿ ಇಂದು ಕೆರೆ, ಐಐಟಿ ಮತ್ತು ಎತ್ತರದ ಕಟ್ಟಡಗಳ ಬಡಾವಣೆ. 1829ರಲ್ಲಿ ಫ್ರಾಮ್‌ಜಿ ಕಾವಸ್‌ಜಿ ಎಂಬ ಪಾರ್ಸಿ ವ್ಯಾಪಾರಿ ಗುತ್ತಿಗೆಗೆ ಪಡೆದ ದೊಡ್ಡ ಜಮೀನು ಇದು. 1891ರಲ್ಲಿ ನಗರಕ್ಕೆ ಕುಡಿಯುವ ನೀರು ಒದಗಿಸಲೆಂದು ಕೆರೆ ಕಟ್ಟಿದರು, ಆ ನೀರು ಕುಡಿಯಲು ಒಗ್ಗಲಿಲ್ಲ. 1958ರಲ್ಲಿ ಐಐಟಿ ಶುರುವಾಯಿತು. 1980ರ ದಶಕದ ಕೊನೆಯಿಂದ ಗುಡ್ಡದ ಬದಿಯಲ್ಲಿ ಬಹುಮಹಡಿ ಕಟ್ಟಡಗಳು ಎದ್ದವು.

ಮುಂಬೈಗೆ ಮೊದಲು ಬಂದ ಕನ್ನಡಿಗರ ನೆಲೆ ಇದಲ್ಲ. ಕರಾವಳಿಯಿಂದ ಬಂದು ಹೋಟೆಲುಗಳಲ್ಲಿ ದುಡಿದ ಹುಡುಗರು ಫೋರ್ಟ್, ಮಾಟುಂಗಾ, ವಡಾಲಾ ಕಡೆ ಇದ್ದರು. ಹಗಲೆಲ್ಲ ಲೋಟ ತೊಳೆದು, ಸಂಜೆ ಫೋರ್ಟಿನ ಕನ್ನಡ ರಾತ್ರಿ ಶಾಲೆಗಳಲ್ಲಿ ಕೂತು ಓದಿ, ಬ್ಯಾಂಕು ಕಚೇರಿಗಳಿಗೆ ಸೇರಿದವರ ದೊಡ್ಡ ಪೀಳಿಗೆಯೇ ಇದೆ. ವಸ್ತು ಸಂಗ್ರಹಾಲಯದ ಗುಮ್ಮಟವೂ ಇದೇ ಫೋರ್ಟ್ ಭಾಗದ್ದು, ಆದರೆ ಅದು ತೆರೆದಿರುವ ಹೊತ್ತೆಲ್ಲ ಅವರ ದುಡಿಮೆಯ ಹೊತ್ತು. ಪವಾಯಿಗೆ ಬಂದವರು ಆಮೇಲಿನವರು: ಎಂಜಿನಿಯರುಗಳು, ಪ್ರಾಧ್ಯಾಪಕರು, ಬ್ಯಾಂಕ್ ಅಧಿಕಾರಿಗಳು, ಐಟಿ ಕಂಪನಿಗಳಲ್ಲಿ ದುಡಿಯುವವರು. ಅವರ ಮಕ್ಕಳಿಗೆ ಮನೆಯಲ್ಲಿ ಕನ್ನಡವೋ ತುಳುವೋ ಕೊಂಕಣಿಯೋ, ಲಿಫ್ಟಿನಲ್ಲಿ ಹಿಂದಿ, ತರಗತಿಯಲ್ಲಿ ಇಂಗ್ಲಿಷ್, ಪಠ್ಯದಲ್ಲಿ ಮರಾಠಿ. ರಜೆಗೆ ಊರಿಗೆ ಹೋದಾಗ ಅಜ್ಜ ಅಜ್ಜಿ ಹೇಳುವ ಊರಿನ ಕಥೆ ಒಂದು, ಶಾಲೆಯ ಪುಸ್ತಕದ ಇತಿಹಾಸ ಇನ್ನೊಂದು. ಮಹಾರಾಷ್ಟ್ರದ ರಾಜ್ಯ ಪಠ್ಯಕ್ರಮದಲ್ಲಿ ನಾಲ್ಕನೆಯ ತರಗತಿಯ ಇತಿಹಾಸವೆಂದರೆ ಶಿವಾಜಿ ಮಹಾರಾಜರ ಚರಿತ್ರೆ. ಬೇರೆ ಪಠ್ಯಕ್ರಮದ ಮಕ್ಕಳಿಗೆ ಹರಪ್ಪಾ, ಮೌರ್ಯರು, ಗುಪ್ತರು. ಪುಲಕೇಶಿಗೆ ಸಿಗುವ ಜಾಗ ಚಿಕ್ಕದು. ಈ ಎರಡು ಇತಿಹಾಸಗಳು ಎಲ್ಲಾದರೂ ಒಂದನ್ನೊಂದು ಮುಟ್ಟುತ್ತವೆ ಎಂದು ಮಗುವಿಗೆ ಯಾರೂ ಹೇಳಿರುವುದಿಲ್ಲ.

ಭಾನುವಾರ ಬೆಳಿಗ್ಗೆ ಕಾಂಜೂರ್‌ಮಾರ್ಗ್‌ನಲ್ಲಿ ಲೋಕಲ್ ಹತ್ತಿ ಸಿಎಸ್‌ಎಂಟಿಯಲ್ಲಿ ಇಳಿದರೆ, ಅಲ್ಲಿಂದ ವಸ್ತು ಸಂಗ್ರಹಾಲಯ ದೂರವಿಲ್ಲ. ಅಲ್ಲಿ ಆ ಎರಡು ಇತಿಹಾಸಗಳು ಒಂದೇ ಸೂರಿನಡಿ ಇವೆ.

ಗುಮ್ಮಟದ ಕೆಳಗೆ

ಒಳಗಿನ ವಸ್ತುಗಳಿಗೆ ಮೊದಲು ಕಟ್ಟಡವನ್ನೇ ನೋಡಬೇಕು. 1905ರ ನವೆಂಬರ್ 11ರಂದು ಇದರ ಅಡಿಗಲ್ಲು ಇಟ್ಟವನು ಆಗಿನ ಬ್ರಿಟಿಷ್ ಯುವರಾಜ, ಮುಂದೆ ಐದನೆಯ ಜಾರ್ಜ್ ಆದವನು. ಅದಕ್ಕೇ ಬಹುಕಾಲ ಇದರ ಹೆಸರು ಪ್ರಿನ್ಸ್ ಆಫ್ ವೇಲ್ಸ್ ಮ್ಯೂಸಿಯಂ. ಈಗಿನ ಹೆಸರು ಬಂದದ್ದು 1998ರಲ್ಲಿ. ನಕ್ಷೆ ಮಾಡಿದವನು ಜಾರ್ಜ್ ವಿಟೆಟ್, ಗೇಟ್‌ವೇ ಆಫ್ ಇಂಡಿಯಾದ ನಕ್ಷೆಯೂ ಅವನದೇ. 1909ರ ಸ್ಪರ್ಧೆಯಲ್ಲಿ ಅವನ ನಕ್ಷೆ ಆಯ್ಕೆಯಾಯಿತು. ಕಲ್ಲು ಮುಂಬೈಯದೇ: ಕುರ್ಲಾದ ಬೂದು ಬಣ್ಣದ ಕರಿಗಲ್ಲು, ಮಲಾಡ್‌ನ ಹಳದಿ ಛಾಯೆಯ ಕಲ್ಲು. ಆದರೆ ನಡುವಿನ ಗುಮ್ಮಟದ ಮಾದರಿ ಮುಂಬೈಯದಲ್ಲ. ಬಿಜಾಪುರದ ಗೋಲಗುಮ್ಮಟವನ್ನು ಕಣ್ಣ ಮುಂದಿಟ್ಟುಕೊಂಡು ವಿಟೆಟ್ ಅದನ್ನು ರೂಪಿಸಿದ.

ಬಿಜಾಪುರಕ್ಕೆ ಹೋಗಿ ಬಂದ ಯಾವ ಮಗುವೂ ಗೋಲಗುಮ್ಮಟವನ್ನು ಮರೆಯುವುದಿಲ್ಲ. ಅಲ್ಲಿ ಕೂಗಬಹುದು, ಕೂಗಿದ್ದು ಮತ್ತೆ ಮತ್ತೆ ಕೇಳುತ್ತದೆ. ಮುಂಬೈಯ ಗುಮ್ಮಟದ ಕೆಳಗೆ ಮಕ್ಕಳು ಕೇಳುವ ಮೊದಲ ಮಾತು ಸದ್ದು ಮಾಡಬೇಡಿ ಎನ್ನುವುದು. ಊರು ಬಿಟ್ಟ ವಸ್ತುವಿಗೆ ಆಗುವುದೂ ಇದೇ. ರೂಪ ಉಳಿಯುತ್ತದೆ, ಸದ್ದು ಹೋಗುತ್ತದೆ. ಐಹೊಳೆಯ ಕಲ್ಲಿಗೆ ಅಲ್ಲಿ ಗಾಳಿ, ಬಾವಲಿ, ಎಣ್ಣೆ ದೀಪದ ಹೊಗೆ ಎಲ್ಲ ಇದ್ದವು. ಇಲ್ಲಿ ಹೆಸರಿನ ಫಲಕವಿದೆ.

ಕಟ್ಟಡ ಪೂರ್ತಿಯಾಗುವ ಹೊತ್ತಿಗೆ ಮೊದಲನೆಯ ಮಹಾಯುದ್ಧ ಶುರುವಾಗಿತ್ತು. ವಸ್ತುಗಳು ಬರುವ ಮೊದಲು ಇಲ್ಲಿಗೆ ಗಾಯಗೊಂಡ ಸೈನಿಕರು ಬಂದರು. ಆಗ ಇದು ಸೇನಾ ಆಸ್ಪತ್ರೆಯೂ ಆಯಿತು, ಮಕ್ಕಳ ಕಲ್ಯಾಣ ಕೇಂದ್ರವೂ ಆಯಿತು. ಜನರಿಗೆ ವಸ್ತು ಸಂಗ್ರಹಾಲಯವಾಗಿ ತೆರೆದುಕೊಂಡದ್ದು 1922ರ ಜನವರಿ 10ರಂದು. ಬಹಳ ಕಾಲದ ಮೇಲೆ, 2019ರಲ್ಲಿ, ಇದೇ ಅಂಗಳದಲ್ಲಿ ಮಕ್ಕಳಿಗೆಂದೇ ಒಂದು ಪುಟ್ಟ ಸಂಗ್ರಹಾಲಯ ಎದ್ದಿತು. ಅದರ ಮೊದಲೇ, 2015ರಿಂದ, ಬಸ್ಸಿನೊಳಗೆ ಪ್ರದರ್ಶನ ಜೋಡಿಸಿ ಶಾಲೆಗಳ ಬಾಗಿಲಿಗೆ ಒಯ್ಯುವ ಕೆಲಸವೂ ನಡೆದಿತ್ತು.

ಇಲ್ಲದ ಪ್ರಾಂತ್ಯದ ನಕ್ಷೆ

ಇಲ್ಲಿ ಯಾಕಿದೆ ಎಂಬ ಪ್ರಶ್ನೆಗೆ ಉತ್ತರ 1922ರ ಭೂಪಟದಲ್ಲಿದೆ. ಆಗ ಮುಂಬೈ ಒಂದು ನಗರ ಮಾತ್ರವಲ್ಲ, ಬಾಂಬೆ ಪ್ರೆಸಿಡೆನ್ಸಿ ಎಂಬ ವಿಶಾಲ ಪ್ರಾಂತ್ಯದ ರಾಜಧಾನಿ. ಉತ್ತರಕ್ಕೆ ಸಿಂಧ್, ನಡುವೆ ಗುಜರಾತಿನ ಜಿಲ್ಲೆಗಳು ಮತ್ತು ಮರಾಠಿ ಸೀಮೆ, ದಕ್ಷಿಣಕ್ಕೆ ಬೆಳಗಾವಿ, ಧಾರವಾಡ, ಬಿಜಾಪುರ, ಉತ್ತರ ಕನ್ನಡ. ಐಹೊಳೆ, ಪಟ್ಟದಕಲ್ಲು, ಬಾದಾಮಿ ಇದ್ದದ್ದು ಬಿಜಾಪುರ ಜಿಲ್ಲೆಯಲ್ಲಿ. ಬಾಗಲಕೋಟೆ ಜಿಲ್ಲೆ ಹುಟ್ಟಿದ್ದು 1997ರಲ್ಲಿ. ಐಹೊಳೆಯ ರೈತ ಕಂದಾಯ ಕಟ್ಟಿದರೆ ಅದು ಕೊನೆಗೆ ಮುಂಬೈಯ ಖಜಾನೆಗೆ ಹೋಗುತ್ತಿತ್ತು. ಕುಸಿದ ಗುಡಿಯ ಕಲ್ಲೊಂದನ್ನು ಜೋಪಾನ ಮಾಡಬೇಕೆಂದು ಅಧಿಕಾರಿಗಳಿಗೆ ಅನ್ನಿಸಿದರೆ ಅದೂ ಅದೇ ದಾರಿ ಹಿಡಿಯುತ್ತಿತ್ತು.

ಈ ಪ್ರಾಂತ್ಯದ ಹಳೆಯ ಕಟ್ಟಡಗಳನ್ನು ಊರೂರು ಸುತ್ತಿ ಅಳೆದವರಲ್ಲಿ ಪುರಾತತ್ವ ಇಲಾಖೆಯ ಹೆನ್ರಿ ಕಸೆನ್ಸ್ ದೊಡ್ಡ ಹೆಸರು. ಬಿಜಾಪುರದ ಕಟ್ಟಡಗಳ ಮೇಲೆ 1916ರಲ್ಲಿ, ಕನ್ನಡ ಜಿಲ್ಲೆಗಳ ಚಾಲುಕ್ಯ ವಾಸ್ತುಶಿಲ್ಪದ ಮೇಲೆ 1926ರಲ್ಲಿ ಅವನ ಗ್ರಂಥಗಳು ಬಂದವು. ಸಿಂಧ್‌ನ ಮೀರ್‌ಪುರ್ ಖಾಸ್‌ನಲ್ಲಿ 1909-10ರಲ್ಲಿ ಬೌದ್ಧ ಸ್ತೂಪವೊಂದನ್ನು ಅಗೆದವನೂ ಅವನೇ. ಅಲ್ಲಿ ಸಿಕ್ಕ ಸುಟ್ಟ ಮಣ್ಣಿನ ಬುದ್ಧ ವಿಗ್ರಹಗಳು ಮುಂಬೈಗೆ ಬಂದವು. ಐಹೊಳೆಯ ಬ್ರಹ್ಮನೂ ಸಿಂಧ್‌ನ ಬುದ್ಧನೂ ಒಂದೇ ಕಟ್ಟಡದಲ್ಲಿ ನೆರೆಯವರಾಗಿರುವುದು ಹೀಗೆ. ಅವರಿಬ್ಬರ ನಡುವೆ ಧರ್ಮದ ನಂಟಾಗಲಿ ಭಾಷೆಯ ನಂಟಾಗಲಿ ಇರಲಿಲ್ಲ, ಒಂದೇ ಆಡಳಿತದ ನಂಟಿತ್ತು.

ಮೊಹೆಂಜೊದಾರೊ ಕೂಡ ಇದೇ ಪ್ರಾಂತ್ಯದಲ್ಲಿತ್ತು. ಸಂಗ್ರಹಾಲಯ ತೆರೆದ 1922ರಲ್ಲೇ ಪುಣೆಯ ಪಶ್ಚಿಮ ವೃತ್ತದ ಅಧಿಕಾರಿಯಾಗಿದ್ದ ರಾಖಾಲ್‌ದಾಸ್ ಬ್ಯಾನರ್ಜಿ ಅಲ್ಲಿ ಅಗೆತ ಶುರು ಮಾಡಿದರು. 1924ರ ಸೆಪ್ಟೆಂಬರ್‌ನಲ್ಲಿ ಜಾನ್ ಮಾರ್ಷಲ್ ಲಂಡನ್ನಿನ ಪತ್ರಿಕೆಯೊಂದರಲ್ಲಿ ಈ ಹೊಸ ಹಳೆಯ ನಾಗರಿಕತೆಯನ್ನು ಜಗತ್ತಿಗೆ ಸಾರಿದ. ಇಂದು ಮುಂಬೈಯಲ್ಲಿ ಸಿಂಧೂ ಕಣಿವೆಯ ವಸ್ತುಗಳಿರುವುದಕ್ಕೆ ಈ ನಂಟೂ ಒಂದು ಕಾರಣ.

ಆಮೇಲೆ ಗಡಿಗಳು ಸರಿದವು. 1936ರ ಏಪ್ರಿಲ್ 1ರಂದು ಸಿಂಧ್ ಬೇರೆ ಪ್ರಾಂತ್ಯವಾಯಿತು, 1947ರಲ್ಲಿ ಬೇರೆ ದೇಶಕ್ಕೆ ಸೇರಿತು. 1956ರ ನವೆಂಬರ್ 1ರಂದು ಬಿಜಾಪುರ, ಧಾರವಾಡ, ಉತ್ತರ ಕನ್ನಡ ಮತ್ತು ಬೆಳಗಾವಿಯ ಬಹುಭಾಗ ಮೈಸೂರು ರಾಜ್ಯಕ್ಕೆ ಬಂದವು. 1960ರಲ್ಲಿ ಗುಜರಾತ್, ಮಹಾರಾಷ್ಟ್ರ ಬೇರೆಯಾದವು. ನೆಲ ಒಂದು ಕಡೆಯಿಂದ ಇನ್ನೊಂದು ಕಡೆಗೆ ಹೋಯಿತು, ಕಲ್ಲು ಇದ್ದಲ್ಲೇ ಉಳಿಯಿತು. ಆದ್ದರಿಂದ ಈ ಸಂಗ್ರಹಾಲಯವನ್ನು ಈಗಿಲ್ಲದ ಪ್ರಾಂತ್ಯವೊಂದರ ನಕ್ಷೆ ಎಂದು ಓದಬಹುದು. ಮಗುವಿಗೆ ಇದನ್ನು ಇನ್ನೂ ಸುಲಭವಾಗಿ ಹೇಳಬಹುದು: ಒಂದೇ ಮನೆ ಪಾಲಾಯಿತು, ಕೆಲವು ಸಾಮಾನು ಹಳೆಯ ಮನೆಯಲ್ಲೇ ಉಳಿದವು. ಆಸ್ತಿ ಪಾಲು ಮಾಡಿಕೊಂಡ ಮನೆಗಳ ಮಕ್ಕಳಿಗೆ ಇದು ತಕ್ಷಣ ಅರ್ಥವಾಗುತ್ತದೆ.

ಅಜ್ಜಿಯರ ಸಾಲು

ಸ್ಥಳದ ಪ್ರಶ್ನೆ ಬಿಡಿಸಿದರೂ ಕಾಲದ ಪ್ರಶ್ನೆ ಉಳಿಯುತ್ತದೆ. ಆರು ವರ್ಷದ ಮಗುವಿಗೆ ಸಾವಿರ ವರ್ಷ ಎಂದರೆ ಏನೂ ಅಲ್ಲ. ಅಜ್ಜಿಯ ಬಾಲ್ಯ, ಡೈನೋಸಾರ್, ರಾಮಾಯಣ, ಮೊಹೆಂಜೊದಾರೊ ಎಲ್ಲವೂ ‘ತುಂಬಾ ಹಿಂದೆ’ ಎಂಬ ಒಂದೇ ಡಬ್ಬಿಯಲ್ಲಿರುತ್ತವೆ. ಫಲಕದ ಮೇಲಿನ ಇಸವಿಗಳು ದೊಡ್ಡವರಿಗೆ ಮಾತ್ರ.

ಮಕ್ಕಳ ಅಳತೆಗೋಲು ಮನುಷ್ಯರು. ಅಜ್ಜಿಗೂ ಮೊಮ್ಮಗುವಿಗೂ ಸುಮಾರು 60 ವರ್ಷ ಅಂತರ ಎಂದಿಟ್ಟುಕೊಂಡರೆ, ಅಜ್ಜಿ, ಅಜ್ಜಿಯ ಅಜ್ಜಿ, ಅವಳ ಅಜ್ಜಿ ಎಂದು ಕೈ ಹಿಡಿದು ಸಾಲಾಗಿ ನಿಲ್ಲಿಸುತ್ತ ಹೋಗಬಹುದು. ಸುಮಾರು 22 ಅಜ್ಜಿಯರು ನಿಂತರೆ ಸಾಲು ಐಹೊಳೆಯ ಕಲ್ಲಿನವರೆಗೆ ಹೋಗುತ್ತದೆ. ಅಂದರೆ ಒಂದು ತರಗತಿಯ ಮಕ್ಕಳಷ್ಟೂ ಇಲ್ಲ. ಮೊಹೆಂಜೊದಾರೊ ಮುಟ್ಟಲು ಸುಮಾರು 75 ಅಜ್ಜಿಯರು ಬೇಕು, ಎರಡು ಮೂರು ತರಗತಿಗಳಷ್ಟು ಜನ. ದೊಡ್ಡವರಿಗೂ ಈ ಲೆಕ್ಕ ಹೊಸದಾಗಿ ಕಾಣುತ್ತದೆ. ಬಾದಾಮಿ ಚಾಲುಕ್ಯರು ಶಾಲೆಯ ಪುಸ್ತಕದಲ್ಲಿ ಇದ್ದಷ್ಟು ದೂರದಲ್ಲಿಲ್ಲ.

ಸಿಂಧೂ ಕಣಿವೆಯ ವಸ್ತುಗಳೂ ಮಕ್ಕಳಿಗೆ ಒಗ್ಗುವಂಥವು. ಆ ಊರುಗಳ ಅಗೆತದಲ್ಲಿ ರಾಜರ ಕೀರ್ತಿ ಹೊಗಳುವ ಶಾಸನವಾಗಲಿ ಗೆದ್ದ ಯುದ್ಧಗಳ ಚಿತ್ರವಾಗಲಿ ಸಿಕ್ಕಲಿಲ್ಲ. ಸಿಕ್ಕಿದ್ದು ಮಣ್ಣಿನ ಆಟದ ಬಂಡಿ, ಹಕ್ಕಿಯ ಆಕಾರದ ಪೀಪಿ, ದಾರ ಎಳೆದರೆ ತಲೆ ಅಲ್ಲಾಡಿಸುವ ಎತ್ತು, ಪಗಡೆಯ ದಾಳ, ಮಣಿ, ಬಳೆ, ತೂಕದ ಕಲ್ಲು. ಇಟ್ಟಿಗೆಗಳ ದಪ್ಪ, ಅಗಲ, ಉದ್ದ 1:2:4ರ ಲೆಕ್ಕದಲ್ಲಿವೆ. ಒಂದರ ಮೇಲೊಂದು ಹೇಗೆ ಜೋಡಿಸಿದರೂ ಕೂಡುವ ಆಟಿಕೆ ಇಟ್ಟಿಗೆಗಳೊಡನೆ ಬೆಳೆದ ಪವಾಯಿಯ ಮಗುವಿಗೆ ಇದನ್ನು ಯಾರೂ ವಿವರಿಸಬೇಕಾಗಿಲ್ಲ. ಅವರ ಬರಹವನ್ನು ಇನ್ನೂ ಯಾರೂ ಓದಿಲ್ಲ ಎಂದು ತಿಳಿದಾಗ ಮಕ್ಕಳ ಮುಖದಲ್ಲಿ ಒಂದು ಬಗೆಯ ಸಮಾಧಾನವೂ ಕಾಣಬಹುದು. ಓದಲು ಬಾರದಿರುವುದು ದೊಡ್ಡವರಿಗೂ ಆಗುತ್ತದೆ ಎಂದು ಗೊತ್ತಾಗುವುದು ಒಳ್ಳೆಯ ಪಾಠವೇ.

ಒಂದು ಭೇಟಿಗೆ ಇಂಥ ಮೂರು ವಸ್ತು ಸಾಕು. ಇಡೀ ಕಟ್ಟಡವನ್ನು ಒಂದೇ ದಿನ ಮುಗಿಸಲು ಹೊರಟವರು ಮೂರನೆಯ ಕೋಣೆಯ ಹೊತ್ತಿಗೆ ಮಗುವನ್ನು ಹೆಗಲ ಮೇಲೆ ಹೊತ್ತಿರುತ್ತಾರೆ. ಕಲ್ಲುಗಳಿಗೆ ಅವಸರವಿಲ್ಲ. ಮುಂದಿನ ಸಲವೂ ಇರುತ್ತವೆ.

‘ನಮ್ಮದು’ ಎನ್ನುವ ಮಾತು

ಬೇರೆ ದೇಶಗಳ ಕಲ್ಲುಗಳೂ ಇತ್ತೀಚೆಗೆ ಈ ಗುಮ್ಮಟದ ಕೆಳಗೆ ಬಂದಿವೆ. 2017ರ ನವೆಂಬರ್‌ನಿಂದ 2018ರ ಫೆಬ್ರುವರಿಯವರೆಗೆ ‘ಇಂಡಿಯಾ ಅಂಡ್ ದ ವರ್ಲ್ಡ್’ ಎಂಬ ಪ್ರದರ್ಶನ ನಡೆಯಿತು. ಮುಂಬೈ ಸಂಗ್ರಹಾಲಯ, ದಿಲ್ಲಿಯ ರಾಷ್ಟ್ರೀಯ ಸಂಗ್ರಹಾಲಯ ಮತ್ತು ಲಂಡನ್ನಿನ ಬ್ರಿಟಿಷ್ ಮ್ಯೂಸಿಯಂ ಸೇರಿ ಮಾಡಿದ್ದು, ಒಂಬತ್ತು ಕಥೆಗಳಲ್ಲಿ ಭಾರತವನ್ನು ಜಗತ್ತಿನ ಪಕ್ಕದಲ್ಲಿಟ್ಟು ತೋರಿಸಿತು. 2023ರ ಡಿಸೆಂಬರ್‌ನಲ್ಲಿ ಶುರುವಾದ ಪ್ರಾಚೀನ ಶಿಲ್ಪಗಳ ಪ್ರದರ್ಶನಕ್ಕೆ ಈಜಿಪ್ಟ್, ಅಸ್ಸೀರಿಯ, ಗ್ರೀಸ್, ರೋಮ್‌ಗಳ ಶಿಲ್ಪಗಳು ಲಂಡನ್, ಬರ್ಲಿನ್ ಮತ್ತು ಲಾಸ್ ಏಂಜಲೀಸ್‌ನ ಸಂಗ್ರಹಾಲಯಗಳಿಂದ ಬಂದವು, ಭಾರತದ ಶಿಲ್ಪಗಳ ಜೊತೆ ನಿಂತವು. ಈಜಿಪ್ಟಿನವರ ಪ್ರಾಣಿಮುಖದ ದೇವರುಗಳನ್ನು ಕಂಡು ಯುರೋಪಿನ ಪ್ರವಾಸಿಗರು ಬೆರಗಾದದ್ದುಂಟು. ಗಣಪತಿಗೆ ಕಡುಬು ಇಟ್ಟು, ನರಸಿಂಹನ ಕಥೆ ಕೇಳಿ ಬೆಳೆದ ಮಗುವಿಗೆ ಅದರಲ್ಲಿ ಅಚ್ಚರಿಯೇನೂ ಇಲ್ಲ.

ಅಂಥ ಪ್ರದರ್ಶನಗಳಲ್ಲಿ ಮಗುವಿನ ಹಳೆಯ ಪ್ರಶ್ನೆ ಇನ್ನಷ್ಟು ಚೂಪಾಗುತ್ತದೆ. ಈಜಿಪ್ಟಿನ ಕಲ್ಲು ಲಂಡನ್ನಿಗೆ ಹೇಗೆ ಹೋಯಿತು? ಆಂಧ್ರದ ಅಮರಾವತಿ ಸ್ತೂಪದ ಕಲ್ಲುಗಳು ಬ್ರಿಟಿಷ್ ಮ್ಯೂಸಿಯಂನಲ್ಲಿ ಯಾಕಿವೆ? ಅದು ತಪ್ಪಾದರೆ ಐಹೊಳೆಯ ಕಲ್ಲು ಮುಂಬೈಯಲ್ಲಿರುವುದು? ಎರಡೂ ಒಂದೇ ಅಲ್ಲ. ಅಮರಾವತಿಯ ಕಲ್ಲು ಆಳುವವರ ದೇಶಕ್ಕೆ ಹಡಗೇರಿ ಹೋಯಿತು, ಐಹೊಳೆಯದು ತನ್ನದೇ ಪ್ರಾಂತ್ಯದ ರಾಜಧಾನಿಗೆ ಬಂತು. ಆದರೂ ಐಹೊಳೆಯಲ್ಲಿ ಒಂದು ಚಾವಣಿ ಬರಿದಾಗಿದೆ ಎಂಬುದು ನಿಜ. ಇದನ್ನು ಮುಚ್ಚಿಡಬೇಕಾಗಿಲ್ಲ.

ಇಲ್ಲಿ ಕನ್ನಡದ ತಂದೆ ತಾಯಿ ಒಂದು ಕವಲಿನಲ್ಲಿ ನಿಲ್ಲುತ್ತಾರೆ. ‘ಇದೆಲ್ಲ ನಮ್ಮದು, ಒಂದು ಕಾಲದಲ್ಲಿ ಮುಂಬೈವರೆಗೂ ನಮ್ಮದೇ ಆಳ್ವಿಕೆ ಇತ್ತು’ ಎನ್ನುವುದು ಒಂದು ದಾರಿ. ಹೇಳಲು ಹಿತವಾಗಿರುತ್ತದೆ, ಆಧಾರವೂ ಸಿಗುತ್ತದೆ. ಐಹೊಳೆಯ ಮೇಗುತಿ ಗುಡಿಯಲ್ಲಿ ಕ್ರಿ.ಶ. 634-35ರ ರವಿಕೀರ್ತಿಯ ಶಾಸನವಿದೆ. ಇಮ್ಮಡಿ ಪುಲಕೇಶಿ ಕೊಂಕಣದ ಮೌರ್ಯರನ್ನು ಸೋಲಿಸಿದ್ದನ್ನೂ, ಪಡುಗಡಲಿನ ಪುರಿ ಎಂಬ ಪಟ್ಟಣವನ್ನು ಹಡಗುಗಳಿಂದ ಮುತ್ತಿದ್ದನ್ನೂ ಅದು ಹೇಳುತ್ತದೆ. ಆ ಪುರಿ ಎಂದರೆ ಮುಂಬೈ ಬಂದರಿನ ಘಾರಾಪುರಿ, ಅಂದರೆ ಎಲಿಫೆಂಟಾ ದ್ವೀಪ ಎಂದು ಕೆಲವು ವಿದ್ವಾಂಸರು ಗುರುತಿಸುತ್ತಾರೆ, ಬೇರೆ ಕಡೆ ಹುಡುಕುವವರೂ ಇದ್ದಾರೆ. ಬ್ರಹ್ಮನ ಕಲ್ಲು ಐಹೊಳೆಯಿಂದ ಮುಂಬೈಗೆ ಬರುವ ಸುಮಾರು 1,300 ವರ್ಷ ಮೊದಲೇ ಐಹೊಳೆಯ ಅರಸನ ಸೇನೆ ಈ ಕರಾವಳಿಗೆ ಬಂದಿತ್ತು ಎಂದಾಯಿತು.

ಆದರೆ ಮುತ್ತಿಗೆ ಹಾಕಿದವರು ಒಳ್ಳೆಯ ನೆಂಟರಲ್ಲ. ಪುರಿಯ ಮಗುವೊಂದನ್ನು ಕೇಳಿದ್ದರೆ ಅದು ಈ ಕಥೆಯನ್ನು ಬೇರೆ ರೀತಿ ಹೇಳುತ್ತಿತ್ತು. ಎರಡು ರಾಜ್ಯಗಳ ಗಡಿ ವ್ಯಾಜ್ಯ 2004ರಿಂದ ಸುಪ್ರೀಂ ಕೋರ್ಟಿನಲ್ಲಿರುವಾಗ, ಆಗಾಗ ಬಸ್ಸುಗಳ ಫಲಕಕ್ಕೆ ಮಸಿ ಬೀಳುವಾಗ, ಮರಾಠಿ ಗೆಳೆಯರ ಜೊತೆ ಆಡಿ ಬೆಳೆಯುವ ಮಗುವಿನ ಕೈಗೆ ಹಳೆಯ ದಂಡಯಾತ್ರೆಯೊಂದನ್ನು ಆಸ್ತಿಪತ್ರದಂತೆ ಕೊಡುವುದು ಇತಿಹಾಸವೂ ಅಲ್ಲ, ವಿವೇಕವೂ ಅಲ್ಲ. ‘ಇದು ನಮ್ಮದಲ್ಲ, ಬಿಡು’ ಎಂದು ಸುಮ್ಮನಾಗುವುದೂ ಸುಳ್ಳೇ. ಇನ್ನೊಂದು ದಾರಿ, ಯಾರು ಯಾವಾಗ ಯಾಕೆ ಈ ದಾರಿಯಲ್ಲಿ ಬಂದರು ಎಂದು ಕೇಳುತ್ತ ಹೋಗುವುದು. ಅದಕ್ಕೆ ಒಳ್ಳೆಯ ಜಾಗ ಸಂಗ್ರಹಾಲಯಕ್ಕಿಂತ ಪವಾಯಿಯ ಸುತ್ತಮುತ್ತಲೇ ಇದೆ.

ಕೃಷ್ಣಗಿರಿಯ ಕಲ್ಲು

ಪವಾಯಿ ಕೆರೆಯ ದಂಡೆಯಲ್ಲಿ, ಐಐಟಿಯ ಆವರಣದಲ್ಲಿ, ಪದ್ಮಾವತಿ ದೇವಿಯ ಗುಡಿಯಿದೆ. ಪವಾಯಿ ಎಂಬ ಹೆಸರು ಆ ದೇವಿಯಿಂದಲೇ ಬಂತು ಎಂದು ಸ್ಥಳೀಯರು ನಂಬುತ್ತಾರೆ. ಪಶ್ಚಿಮಕ್ಕೆ ಕೆಲವೇ ಕಿಲೋಮೀಟರ್ ಹೋದರೆ ಅಂಧೇರಿಯ ಬದಿಯಲ್ಲಿ ಮಹಾಕಾಳಿ ಗುಹೆಗಳು, ಬೌದ್ಧ ಭಿಕ್ಷುಗಳು ಕೊರೆಸಿದ 19 ಗುಹೆಗಳು. ಬೋರಿವಲಿಯ ಎಕ್ಸರ್‌ನಲ್ಲಿ ಹಡಗುಗಳ ಕಾಳಗ ಕೆತ್ತಿದ ವೀರಗಲ್ಲುಗಳಿವೆ. ಸಾಲು ಸಾಲು ಹುಟ್ಟುಗಳು, ಅವುಗಳ ಮೇಲೆ ಬಿಲ್ಲಾಳುಗಳು. ಊರಿನ ಗುಡಿಯ ಮುಂದೆ ವೀರಗಲ್ಲು ನೋಡಿದ ಮಗುವಿಗೆ ಕಲ್ಲಿನ ಮೇಲಿನ ಅಂಕಣಗಳು ಪರಿಚಿತ: ಕೆಳಗೆ ಯುದ್ಧ, ಮೇಲೆ ಸ್ವರ್ಗ, ತುದಿಯಲ್ಲಿ ಶಿವಪೂಜೆ. ಮರಾಠಿಯಲ್ಲಿ ಇದಕ್ಕೆ ವೀರಗಳ ಎನ್ನುತ್ತಾರೆ. ಕಲ್ಲೂ ಅದರ ಹೆಸರೂ ಕನ್ನಡದಿಂದ ಆ ಕಡೆ ನಡೆದುಹೋದವು. ಇದಕ್ಕೆ ಮುತ್ತಿಗೆ ಬೇಕಾಗಲಿಲ್ಲ. ಅಕ್ಕಪಕ್ಕ ಬದುಕಿದವರು ಸತ್ತವರನ್ನು ನೆನೆಯುವ ರೀತಿಯನ್ನು ಒಬ್ಬರಿಂದೊಬ್ಬರು ಕಲಿತರು.

ಇವೆಲ್ಲಕ್ಕಿಂತ ದೊಡ್ಡದು ಕಾನ್ಹೇರಿ. ಪವಾಯಿಯ ಮಹಡಿಗಳಿಂದ ಉತ್ತರಕ್ಕೆ ಕಾಣುವ ಹಸಿರು ಬೆಟ್ಟಗಳು ಸಂಜಯ್ ಗಾಂಧಿ ರಾಷ್ಟ್ರೀಯ ಉದ್ಯಾನದವು. ಅದರೊಳಗೆ, ಬೋರಿವಲಿ ಕಡೆಯ ಬಾಗಿಲಿನಿಂದ ಹೋದರೆ, ಕರಿಗಲ್ಲಿನಲ್ಲಿ ಕೊರೆದ ನೂರಕ್ಕೂ ಹೆಚ್ಚು ಗುಹೆಗಳಿವೆ. ಹಳೆಯ ಹೆಸರು ಕೃಷ್ಣಗಿರಿ. ಇಲ್ಲಿ ಯಾವುದೂ ಗಾಜಿನ ಹಿಂದಿಲ್ಲ. ಭಿಕ್ಷುಗಳು ಮಲಗುತ್ತಿದ್ದ ಕಲ್ಲಿನ ಜಗಲಿಯ ಮೇಲೆ ಮಗು ಕೂರಬಹುದು. ಗುಹೆಗಳ ಬಾಗಿಲ ಬದಿಯಲ್ಲಿ ನೀರಿನ ತೊಟ್ಟಿಗಳು, ಮಳೆನೀರು ಅದರೊಳಗೆ ಇಳಿಯುವಂತೆ ಬಂಡೆಯ ಮೇಲೆ ಕೊರೆದ ಕಾಲುವೆಗಳು. ದಾನಿಗಳ ಶಾಸನಗಳಲ್ಲಿ ಈ ತೊಟ್ಟಿಗಳ ಮಾತೂ ಬರುತ್ತದೆ. ಗುಹೆ ಕೊರೆಸಿದವರಷ್ಟೇ ಹೆಮ್ಮೆಯಿಂದ ನೀರಿನ ತೊಟ್ಟಿ ಕೊರೆಸಿದವರೂ ಹೆಸರು ಬರೆಸಿದ್ದಾರೆ.

ಈ ಗುಹೆಗಳಲ್ಲಿ ಒಂಬತ್ತನೆಯ ಶತಮಾನದ ಕೆಲವು ಸಂಸ್ಕೃತ ಶಾಸನಗಳಿವೆ. ಶಕ 765, 775, 799ರವು, ಅಂದರೆ ಸುಮಾರು ಕ್ರಿ.ಶ. 843, 854, 877. ಕೊಂಕಣವನ್ನು ಆಗ ನೋಡಿಕೊಳ್ಳುತ್ತಿದ್ದವರು ಶಿಲಾಹಾರರಾದ ಪುಲ್ಲಶಕ್ತಿ ಮತ್ತು ಎರಡನೆಯ ಕಪರ್ದಿ. ಅವರು ತಮ್ಮ ಒಡೆಯನೆಂದು ಹೇಳಿಕೊಳ್ಳುವ ಹೆಸರು ಅಮೋಘವರ್ಷ. ಇಂದಿನ ಕಲಬುರಗಿ ಜಿಲ್ಲೆಯ ಮಳಖೇಡ, ಆಗಿನ ಮಾನ್ಯಖೇಟದಲ್ಲಿ ಕೂತು ಆಳಿದ ರಾಷ್ಟ್ರಕೂಟ ದೊರೆ, ನೃಪತುಂಗ. ಕನ್ನಡದಲ್ಲಿ ಉಳಿದಿರುವ ಮೊದಲ ಗ್ರಂಥ ‘ಕವಿರಾಜಮಾರ್ಗ’ ಅವನ ಹೆಸರಿನೊಂದಿಗೇ ಬಂದದ್ದು, ಬರೆದವನು ಅವನ ಆಸ್ಥಾನದ ಶ್ರೀವಿಜಯ. ಕನ್ನಡ ಶಾಲೆಗಳ ಗೋಡೆಯ ಮೇಲಿರುವ ಆ ಹೆಸರು ಪವಾಯಿಯ ಬೆನ್ನಿಗಿರುವ ಬೆಟ್ಟದಲ್ಲಿ ಕೆತ್ತಿದೆ.

ಇಲ್ಲಿಯೂ ‘ನಮ್ಮದು’ ಎಂದುಬಿಡಬಹುದು. ಆದರೆ ಕಲ್ಲು ಹೇಳುವುದನ್ನು ಪೂರ್ತಿ ಕೇಳಬೇಕು. ‘ಕವಿರಾಜಮಾರ್ಗ’ ಕನ್ನಡದ ತಿರುಳು ಎಂದು ಹೆಸರಿಸುವ ಊರುಗಳಲ್ಲಿ ಕಿಸುವೊಳಲ್ ಒಂದು. ಅದು ಐಹೊಳೆಯ ಪಕ್ಕದ ಪಟ್ಟದಕಲ್ಲು, ಕೊಂಕಣದ ಊರಲ್ಲ. ದೊರೆಯ ಆಳ್ವಿಕೆ ಮುಟ್ಟಿದಲ್ಲೆಲ್ಲ ಭಾಷೆ ಮುಟ್ಟಿರಲಿಲ್ಲ. ಕಾನ್ಹೇರಿಯ ಆ ಶಾಸನಗಳು ಸಂಸ್ಕೃತದಲ್ಲಿವೆ. ಜೈನ ಧರ್ಮದ ಕಡೆ ಒಲವಿದ್ದ ದೊರೆಯ ಕಾಲದಲ್ಲಿ, ಶಿವಭಕ್ತ ಶಿಲಾಹಾರರ ಸೀಮೆಯಲ್ಲಿ, ದಾನ ಸಿಕ್ಕಿದ್ದು ಬೌದ್ಧ ಭಿಕ್ಷುಗಳಿಗೆ. ಒಬ್ಬ ದಾನಿಯ ಹೆಸರು ಅವಿಘ್ನಾಕರ, ಅವನ ಊರು ಗೌಡ ದೇಶ, ಅಂದರೆ ಬಂಗಾಳ. ಎಲ್ಲಿಯ ಮಳಖೇಡ, ಎಲ್ಲಿಯ ಬಂಗಾಳ, ನಡುವೆ ಈ ಬೆಟ್ಟ. ಮುಂಬೈ ಎಂಬ ಊರು ಹುಟ್ಟುವ ಎಷ್ಟೋ ಮೊದಲು ಇಲ್ಲಿ ಮುಂಬೈಯಂಥದ್ದೇ ಜನ ಸೇರಿದ್ದರು.

ಯಾರು ಬಂದರು, ಯಾಕೆ ಬಂದರು ಎಂಬ ಪ್ರಶ್ನೆಗೆ ಶಾಸನದ ಉತ್ತರ ಸರಳವಾಗಿದೆ. ಸೇನೆಯೊಂದಿಗೆ ಬಂದವರಿದ್ದರು, ತೆರಿಗೆ ಎತ್ತಲು ಬಂದವರಿದ್ದರು, ವ್ಯಾಪಾರಕ್ಕೆ, ಧ್ಯಾನಕ್ಕೆ ಬಂದವರಿದ್ದರು. ಬಂದವರಲ್ಲಿ ಕೆಲವರು ತಮ್ಮ ಊರಿನ ಹೆಸರನ್ನೂ ಕಲ್ಲಿನ ಮೇಲೆ ಬರೆಸಿದರು, ಎಲ್ಲಿಂದ ಬಂದೆವು ಎಂಬುದನ್ನು ಮರೆಯಲಿಲ್ಲ, ಬಂದ ಜಾಗಕ್ಕೂ ಏನಾದರೂ ಮಾಡಿ ಹೋದರು. ಪವಾಯಿಯ ಕನ್ನಡ ಮನೆಗಳಲ್ಲಿ ಬೆಳೆಯುವ ಮಕ್ಕಳಿಗೆ ಬೇಕಾದ ಇತಿಹಾಸ ಬಹುಶಃ ಇಷ್ಟೇ. ಇದನ್ನು ಇಟ್ಟುಕೊಂಡರೆ ಮರಾಠಿ ಗೆಳೆಯನ ಮುಂದೆ ತಲೆ ತಗ್ಗಿಸಬೇಕಾಗಿಲ್ಲ, ಅವನ ಮೇಲೆ ತಲೆ ಎತ್ತಬೇಕಾಗಿಯೂ ಇಲ್ಲ.

ಶಕ 765ರ ಶಾಸನದಲ್ಲಿ ಪುಲ್ಲಶಕ್ತಿಯ ಹಳೆಯ ಮಂತ್ರಿಯೊಬ್ಬ ಕೃಷ್ಣಗಿರಿಯ ಭಿಕ್ಷುಗಳಿಗೆ ಕೊಟ್ಟ ಹಣದ ಲೆಕ್ಕವಿದೆ. ಪೂಜೆಗೆ ಇಷ್ಟು, ಗುಹೆಯ ದುರಸ್ತಿಗೆ ಇಷ್ಟು, ಬಟ್ಟೆಗೆ ಇಷ್ಟು ಎಂದು ಪಾಲು ಮಾಡಿದ ಮೇಲೆ ಆತ ಇನ್ನೊಂದು ಪಾಲನ್ನು ಪುಸ್ತಕಗಳಿಗೆ ತೆಗೆದಿಟ್ಟಿದ್ದಾನೆ. ಅಕ್ಷರ ಕಲಿಯುತ್ತಿರುವ ಮಗುವಿಗೆ ಆ ಲಿಪಿಯನ್ನು ಓದಲಾಗುವುದಿಲ್ಲ, ಕರೆತಂದ ಅಪ್ಪ ಅಮ್ಮನಿಗೂ ಆಗುವುದಿಲ್ಲ. ಆದರೆ ಕಾಡಿನೊಳಗಿನ ಈ ಬೆಟ್ಟದಲ್ಲಿ ಪುಸ್ತಕಕ್ಕೆಂದು ಯಾರೋ ದುಡ್ಡು ಕೊಟ್ಟಿದ್ದರು ಎಂದು ಹೇಳಿದರೆ ಅದಕ್ಕೆ ಅರ್ಥವಾಗುತ್ತದೆ. ಯಾವ ಪುಸ್ತಕ ಎಂದು ಅದು ಕೇಳಬಹುದು. ಕಾನ್ಹೇರಿಯ ತಾಳೆಗರಿಗಳು ಉಳಿದಿಲ್ಲ. ಉಳಿದಿರುವುದು ಆ ಲೆಕ್ಕ ಮಾತ್ರ.